ಸ್ಪಾರಿಂಗ್‌ನಲ್ಲಿ ಹೊಡೆತದ ಬಲ ಎಷ್ಟಿರಬೇಕು?

ಪಂಚಿಂಗ್ ಬ್ಯಾಗ್ ತಿರುಗಿ ಹೊಡೆಯುವುದಿಲ್ಲ. ಆದ್ದರಿಂದ ಬಾಕ್ಸಿಂಗ್ ಕಲಿಯುವವರು ಒಂದಲ್ಲ ಒಂದು ದಿನ ರಿಂಗಿನೊಳಗೆ ಇನ್ನೊಬ್ಬರ ಎದುರು ನಿಂತು ಸ್ಪಾರಿಂಗ್, ಅಂದರೆ ಅಭ್ಯಾಸದ ಹೊಡೆದಾಟ, ಮಾಡಲೇಬೇಕಾಗುತ್ತದೆ. ಅಂತರವನ್ನು ಅಳೆಯುವುದು, ಎದುರಾಳಿಯ ಭುಜ ಅಲುಗಿದಾಗಲೇ ಬರಲಿರುವ ಹೊಡೆತವನ್ನು ಊಹಿಸುವುದು, ಮುಖಕ್ಕೆ ಗ್ಲೌಸ್ ತಾಗಿದರೂ ಕಣ್ಣು ಮುಚ್ಚದೆ ಉಸಿರನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಇತ್ಯಾದಿಗಳನ್ನು ಕಲಿಯಲು ಸ್ಪಾರಿಂಗ್ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಇವುಗಳಲ್ಲಿ ಯಾವುದಕ್ಕೂ ಗಟ್ಟಿ ಹೊಡೆತ ಬೇಕಿಲ್ಲ. ಹೊಡೆತಕ್ಕೆ ಬಲ ತುಂಬುವುದನ್ನು ಬ್ಯಾಗ್ ಮೇಲೆ ಎಷ್ಟು ಬೇಕಾದರೂ ಅಭ್ಯಾಸ ಮಾಡಬಹುದು. ಅದಕ್ಕೆ ಜೊತೆಗಾರನ ತಲೆ ಬೇಕಾಗಿಲ್ಲ.

ತಲೆಗೆ ಬಿದ್ದ ಹೊಡೆತ, ಅದರಲ್ಲೂ ಗಲ್ಲಕ್ಕೆ ಪಕ್ಕದಿಂದ ಬಿದ್ದ ಹುಕ್ (ಮೊಣಕೈ ಬಾಗಿಸಿ ಬೀಸುವ ಹೊಡೆತ), ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೃದುವಾದ ಮಿದುಳು ಅಷ್ಟೇ ವೇಗದಲ್ಲಿ ತಿರುಗಲಾರದೆ ಹಿಂದುಳಿಯುತ್ತದೆ, ಆ ಎಳೆತಕ್ಕೆ ಅದರ ನರತಂತುಗಳು ನಲುಗುತ್ತವೆ. ಹೆಡ್‌ಗಾರ್ಡ್ ಚರ್ಮ ಹರಿಯದಂತೆ ಕಾಪಾಡುತ್ತದೆಯಾದರೂ ಈ ತಿರುಗುವಿಕೆಯನ್ನು ತಡೆಯಲಾರದು. ಸ್ಪಾರಿಂಗ್‌ಗೆ ಬಳಸುವ 16 ಔನ್ಸ್‌ನ, ಅಂದರೆ ಸುಮಾರು 450 ಗ್ರಾಂ ತೂಕದ ದಪ್ಪ ಗ್ಲೌಸ್‌ಗಳ ಮಾತೂ ಇದೇ. ರಕ್ಷಣಾ ಸಾಮಗ್ರಿ ಧರಿಸಿದ್ದೇವೆ ಎಂಬ ಧೈರ್ಯದಲ್ಲಿ ಗಟ್ಟಿಯಾಗಿ ಹೊಡೆದಾಡುವುದು ಬಹಳ ಕಡೆ ಕಾಣುವ ತಪ್ಪು. 1928ರಲ್ಲಿ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬಾಕ್ಸರ್‌ಗಳ ಮಿದುಳಿನ ಕಾಯಿಲೆಯನ್ನು ‘ಪಂಚ್ ಡ್ರಂಕ್’ ಎಂಬ ಹೆಸರಿನಲ್ಲಿ ವಿವರಿಸಿದಾಗ, ಇತರರ ತರಬೇತಿಗಾಗಿ ದಿನಕ್ಕೆ ಹಲವು ಸಲ ಹೊಡೆತ ತಿಂದು ಬೀಳುತ್ತಿದ್ದ ಸಾಮಾನ್ಯ ದರ್ಜೆಯ ಬಾಕ್ಸರ್‌ಗಳಲ್ಲೂ ಅದು ಕಂಡುಬರುತ್ತದೆ ಎಂದು ಬರೆದಿದ್ದರು. ತರಬೇತಿಯ ಹೊಡೆತಗಳನ್ನೂ ಪಂದ್ಯದ ಹೊಡೆತಗಳಷ್ಟೇ ಎಚ್ಚರಿಕೆಯಿಂದ ಲೆಕ್ಕಹಾಕಬೇಕೆಂಬುದು ಹೊಸ ವಿಚಾರವೇನಲ್ಲ.

ಹಾಗಾದರೆ ಬಲವನ್ನು ನಿಗದಿಪಡಿಸುವುದು ಹೇಗೆ? ಮೊದಲ ಹೆಜ್ಜೆಯೆಂದರೆ, ಗಂಟೆ ಬಾರಿಸುವ ಮುನ್ನವೇ ಆ ದಿನದ ಉದ್ದೇಶವನ್ನೂ ಮಟ್ಟವನ್ನೂ ಬಾಯಿಬಿಟ್ಟು ಹೇಳಿಕೊಳ್ಳುವುದು. ಅನೇಕ ಕೋಚ್‌ಗಳು ‘ಶೇ 50ರಷ್ಟು ಬಲ ಹಾಕಿ’ ಎನ್ನುತ್ತಾರೆ, ಆದರೆ 90 ಕೆ.ಜಿ. ತೂಕದವರ ಅರ್ಧ ಬಲ 60 ಕೆ.ಜಿ. ತೂಕದವರಿಗೆ ಪೂರ್ತಿ ಹೊಡೆತವೇ ಆಗಬಹುದು. ಹೊಡೆತವನ್ನು ಹೊಡೆಯುವವರ ಲೆಕ್ಕದಲ್ಲಿ ಅಳೆಯುವುದಕ್ಕಿಂತ ತಿನ್ನುವವರ ಲೆಕ್ಕದಲ್ಲಿ ಅಳೆಯುವುದು ಮೇಲು. ಹಗುರ ಸ್ಪಾರಿಂಗ್‌ನಲ್ಲಿ ಗ್ಲೌಸ್ ತಾಗಿದ್ದು ಗೊತ್ತಾಗಬೇಕು, ತಲೆ ಮಾತ್ರ ಅಲುಗಬಾರದು. ಮಧ್ಯಮ ಮಟ್ಟದಲ್ಲಿ ಹೊಡೆತ ಚುರುಕೆನ್ನಬಹುದು, ಆದರೆ ಮುಂದೇನು ಮಾಡಬೇಕೆಂಬ ಯೋಚನೆ ಕಡಿಯಬಾರದು. ಹೊಟ್ಟೆ, ಪಕ್ಕೆಗಳಿಗೆ ತಲೆಗಿಂತ ತುಸು ಹೆಚ್ಚಿನ ಬಲ ಸಲ್ಲುತ್ತದೆ. ಗಟ್ಟಿ ಸ್ಪಾರಿಂಗ್ ಪಂದ್ಯದ ವೇಗಕ್ಕೆ ಹತ್ತಿರವಿದ್ದರೂ, ಜೊತೆಗಾರ ತತ್ತರಿಸಿದ ಕ್ಷಣವೇ ಕೈ ನಿಲ್ಲಬೇಕು. ತತ್ತರಿಸಿದವನ ಮೇಲೆ ಮತ್ತೆರಡು ಹೊಡೆತ ಹಾಕುವವರನ್ನು ಅಂದಿನ ಮಟ್ಟಿಗೆ ರಿಂಗಿನಿಂದ ಹೊರಗೆ ಕಳುಹಿಸುವುದೇ ಸರಿ ಎಂಬುದು ನನ್ನ ದೃಢವಾದ ನಿಲುವು.

ಎರಡನೆಯದಾಗಿ, ವೇಗವನ್ನು ಕುಂದಿಸದೆ ಬಲವನ್ನು ಮಾತ್ರ ಇಳಿಸುವುದನ್ನು ರೂಢಿಸಿಕೊಳ್ಳಬೇಕು. ಹಗುರವಾಗಿ ಎಂದೊಡನೆ ಹೊಸಬರು ಕೈಯನ್ನು ನಿಧಾನಗೊಳಿಸುತ್ತಾರೆ, ಇಲ್ಲವೇ ಗುರಿಗೆ ಒಂದು ಗೇಣು ಮೊದಲೇ ನಿಲ್ಲಿಸುತ್ತಾರೆ. ಇದರಿಂದ ಜೊತೆಗಾರನಿಗೆ ನಷ್ಟ, ಏಕೆಂದರೆ ಎಂದೂ ತಲುಪದ ಹೊಡೆತವನ್ನು ತಪ್ಪಿಸಿಕೊಳ್ಳುತ್ತಾ ಆತ ಸುಳ್ಳು ಅಂತರವನ್ನು ಕಲಿಯುತ್ತಾನೆ. ಪಾದ ಮತ್ತು ಸೊಂಟ ಎಂದಿನಂತೆ ತಿರುಗಲಿ, ಕೈ ಪೂರ್ತಿ ವೇಗದಲ್ಲಿ ಹೋಗಲಿ. ತಾಗುವ ಕ್ಷಣದಲ್ಲಿ ಮುಷ್ಟಿಯನ್ನು ಬಿಗಿಯದೆ, ಮೈಭಾರವನ್ನು ಮುಂದಕ್ಕೆ ನೂಕದೆ ಹಿಂದಕ್ಕೆ ಎಳೆದುಕೊಳ್ಳಬೇಕು. ಬ್ಯಾಗ್‌ಗೆ ಗ್ಲೌಸ್ ತಾಗಿದ ಸದ್ದು ಬರಬೇಕು, ಬ್ಯಾಗ್ ಮಾತ್ರ ತೂಗಬಾರದು, ಹಾಗೆ ಮೊದಲು ಬ್ಯಾಗ್ ಮೇಲೆ ಅಭ್ಯಾಸ ಮಾಡಬೇಕು. ಅಷ್ಟು ಹಿಡಿತ ಬರುವವರೆಗೆ ರಿಂಗಿಗೆ ಇಳಿಯಲು ಅವಸರ ಬೇಡ.

ಮೊದಲ ತಿಂಗಳುಗಳಲ್ಲಿ ಮುಕ್ತ ಸ್ಪಾರಿಂಗ್‌ಗಿಂತ ನಿರ್ಬಂಧಿತ ಅಭ್ಯಾಸವೇ ಹೆಚ್ಚು ಕಲಿಸುತ್ತದೆ. ಇಬ್ಬರೂ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಮಾತ್ರ ಬಳಸುವುದು, ಒಬ್ಬರು ದಾಳಿ ಮಾಡಿ ಇನ್ನೊಬ್ಬರು ರಕ್ಷಣೆಯನ್ನಷ್ಟೇ ಮಾಡುವುದು, ತಲೆಯನ್ನು ಬಿಟ್ಟು ಮೈಗೆ ಮಾತ್ರ ಹೊಡೆಯುವುದು ಇಂಥ ಅಭ್ಯಾಸಗಳು. ಜೋಡಿಯಲ್ಲಿ ತೂಕ ಅಥವಾ ಅನುಭವ ಹೆಚ್ಚಿದ್ದವರೇ ಬಲವನ್ನು ಇಳಿಸಿಕೊಳ್ಳಬೇಕು.

ಇಷ್ಟೆಲ್ಲ ಒಪ್ಪಿಕೊಂಡರೂ ಬಲ ಏರಿಬಿಡುತ್ತದೆ. ಇದರಲ್ಲಿ ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. 2003ರಲ್ಲಿ ಲಂಡನ್ನಿನ ಸಂಶೋಧಕರು ಇಬ್ಬಿಬ್ಬರನ್ನು ಕೂರಿಸಿ, ತಮ್ಮ ಬೆರಳಿನ ಮೇಲೆ ಬಿದ್ದಷ್ಟೇ ಒತ್ತಡವನ್ನು ಎದುರಿನವರ ಬೆರಳಿಗೆ ಹಿಂದಿರುಗಿಸಲು ಹೇಳಿದರು. ಇಬ್ಬರೂ ಪ್ರಾಮಾಣಿಕವಾಗಿ ಪ್ರಯತ್ನಿಸಿದರೂ ಪ್ರತಿ ಸರದಿಯಲ್ಲೂ ಒತ್ತಡ ಏರುತ್ತಲೇ ಹೋಯಿತು. ನಾವೇ ಹಾಕಿದ ಬಲ ನಮ್ಮ ಮಿದುಳಿಗೆ ಕಡಿಮೆಯಾಗಿ ತೋರುತ್ತದೆ ಎಂಬುದು ಅವರು ಕಂಡುಕೊಂಡ ಕಾರಣ. ರಿಂಗಿನಲ್ಲಿ ಆಗುವುದೂ ಇದೇ: ‘ಅವನೇ ಮೊದಲು ಜೋರಾಗಿ ಹೊಡೆದ’ ಎಂದು ಇಬ್ಬರೂ ಹೇಳುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆದ್ದರಿಂದ ಬಲದ ಮೇಲೆ ಕಣ್ಣಿಡುವ ಹೊಣೆಯನ್ನು ರಿಂಗಿನ ಹೊರಗೆ ನಿಂತ ಮೂರನೆಯವರಿಗೆ ವಹಿಸಬೇಕು. ತಲೆ ಹಿಂದಕ್ಕೆ ಚಿಮ್ಮಿದ್ದು ಕಂಡೊಡನೆ ಅವರು ‘ಇಳಿಸಿ’ ಎಂದು ಕೂಗಬೇಕು, ಎರಡನೆಯ ಸಲ ಕೂಗಬೇಕಾಗಿ ಬಂದರೆ ರೌಂಡನ್ನೇ ನಿಲ್ಲಿಸಬೇಕು. ಹೊಡೆತ ತಿಂದವರೂ ಒಂದು ಹೆಜ್ಜೆ ಹಿಂದೆ ಸರಿದು ‘ಜೋರಾಯಿತು’ ಎಂದು ಸಂಕೋಚವಿಲ್ಲದೆ ಹೇಳುವಂಥ ವಾತಾವರಣವನ್ನು ಕೋಚ್ ನಿರ್ಮಿಸಬೇಕು.

ಗಟ್ಟಿ ಸ್ಪಾರಿಂಗ್ ಪಂದ್ಯ ನಿಗದಿಯಾದವರಿಗೆ ಮಾತ್ರ ಇರಲಿ. ಅವರಿಗೂ ವಾರಕ್ಕೆ ಒಂದು ದಿನ, ಕೆಲವೇ ರೌಂಡುಗಳು ಸಾಕು; ಪಂದ್ಯಕ್ಕೆ ಮುಂಚಿನ 7ರಿಂದ 10 ದಿನಗಳಲ್ಲಿ ಅದನ್ನು ಪೂರ್ತಿ ನಿಲ್ಲಿಸುವುದು ಒಳ್ಳೆಯದು. ತೂಕ ಇಳಿಸಲು ನೀರು ಬಿಟ್ಟಿರುವ ದಿನ, ನಿದ್ದೆಗೆಟ್ಟ ದಿನ, ಸಿಟ್ಟಿನಲ್ಲಿರುವ ದಿನ ಬ್ಯಾಗ್ ಕೆಲಸವೇ ಲೇಸು. ವಿನೋದಕ್ಕೆ, ವ್ಯಾಯಾಮಕ್ಕೆ ಬಾಕ್ಸಿಂಗ್ ಕಲಿಯುವವರು ಗಟ್ಟಿ ಸ್ಪಾರಿಂಗ್ ಮಾಡದೆಯೇ ಬಹುದೂರ ಸಾಗಬಹುದು.

ಎಚ್ಚರ ವಹಿಸಿದರೂ ಜೋರು ಹೊಡೆತ ಬಿದ್ದೇ ಬೀಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಮಂಜುಗಣ್ಣು, ಬೆಳಕು ಸಹಿಸಲಾಗದಿರುವುದು, ಆ ರೌಂಡಿನ ನೆನಪೇ ಇಲ್ಲದಿರುವುದು ಇವುಗಳಲ್ಲಿ ಒಂದು ಕಂಡರೂ ಆ ದಿನದ ಅಭ್ಯಾಸ ಅಲ್ಲಿಗೇ ಮುಗಿಯಬೇಕು, ವೈದ್ಯರನ್ನು ಕಾಣಬೇಕು. ಪ್ರಜ್ಞೆ ತಪ್ಪಿದರೆ, ತಲೆನೋವು ಹೆಚ್ಚುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲಾಗದಂಥ ಮಂಪರು ಕವಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು ಸಣ್ಣದಿದ್ದರೂ ಮಿದುಳು ಬಾತುಕೊಂಡು ಪ್ರಾಣಕ್ಕೆ ಎರವಾಗಬಹುದು. ಈ ಅಪಾಯ ಹದಿಹರೆಯದವರಲ್ಲಿ ಹೆಚ್ಚು. ಹಿಂದಿರುಗುವಾಗಲೂ ಮೊದಲು ನಡಿಗೆ, ಆಮೇಲೆ ಶ್ಯಾಡೋ ಬಾಕ್ಸಿಂಗ್ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಹೊಡೆಯುವುದು), ಬ್ಯಾಗ್, ಪ್ಯಾಡ್ (ಕೋಚ್ ಕೈಗೆ ತೊಟ್ಟ ಮೆತ್ತೆಗೆ ಹೊಡೆಯುವುದು) ಎಂದು ಒಂದೊಂದೇ ಹಂತವನ್ನು ಕನಿಷ್ಠ ಒಂದು ದಿನದ ಅಂತರದಲ್ಲಿ ದಾಟಬೇಕು. ಲಕ್ಷಣಗಳು ಮರುಕಳಿಸಿದರೆ ಹಿಂದಿನ ಹಂತಕ್ಕೆ ಮರಳಬೇಕು. ವೈದ್ಯರು ಒಪ್ಪಿದ ಮೇಲಷ್ಟೇ ಸ್ಪಾರಿಂಗ್, ಅದೂ ತಲೆ ಅಲುಗದಂಥ ಹಗುರ ಮಟ್ಟದಿಂದ.