ಶುಗರ್ ಬುಕ್ ನೋಡಿ ಬೈಯೋದು ಬಿಟ್ಟ ಮೇಲೆ ಏನಾಯ್ತು

ತುಂಬಾ ವರ್ಷ ನಾನು ಮಾಡ್ತಿದ್ದಿದ್ದು ಇಷ್ಟೇ. ಪೇಷೆಂಟ್ ಬಂದು ಕೂತ ತಕ್ಷಣ, ಮನೇಲಿ ಶುಗರ್ ಟೆಸ್ಟ್ ಮಾಡಿ ಬರ್ದಿಟ್ಕೊಂಡಿರೋ ಬುಕ್ ಈಸ್ಕೊಳ್ಳೋದು, ರೀಡಿಂಗ್ ಮೇಲೆ ಕಣ್ಣಾಡ್ಸೋದು, 240, 280 ಅಂತ ಕಂಡ್ರೆ ಮುಖ ಗಂಟು ಹಾಕ್ಕೊಂಡು 'ಏನ್ರೀ ಇದು, ಹೀಗೇ ಆದ್ರೆ ಕಿಡ್ನಿ ಹೋಗುತ್ತೆ' ಅನ್ನೋದು, ಡೋಸ್ ಜಾಸ್ತಿ ಮಾಡಿ ಬರ್ದು ಕಳ್ಸೋದು. ಅವ್ರ ಒಳ್ಳೇದಕ್ಕೇ ಹೇಳ್ತಿದೀನಿ ಅಂತ ನಂಬಿದ್ದೆ.

ಒಂದಿನ ಒಬ್ರು ಬುಕ್ ಕೊಟ್ರು. ಮೂರು ತಿಂಗಳ ರೀಡಿಂಗು, ಎಲ್ಲಾ ಒಂದೇ ಪೆನ್ನು, ಒಂದೇ ಥರದ ಅಕ್ಷರ, 110, 120, 130, 120... ಒಂದೇ ಒಂದು 117 ಇಲ್ಲ, 143 ಇಲ್ಲ. ಆದ್ರೆ ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ರಿಪೋರ್ಟ್ 9.6, ಅಂದ್ರೆ ಶುಗರ್ ತುಂಬಾ ಜಾಸ್ತಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಅಷ್ಟೂ ದಿನ ರಕ್ತದಲ್ಲಿ ಎಷ್ಟು ಶುಗರ್ ಇತ್ತೋ ಅದರ ಲೆಕ್ಕ ಅದಕ್ಕೆ ಅಂಟ್ಕೊಂಡಿರುತ್ತೆ, ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಅಲ್ಲಿ ಸಿಕ್ಕೇ ಸಿಗುತ್ತೆ. ಬುಕ್ ಸುಳ್ಳು ಅಂತ ಇಬ್ರಿಗೂ ಗೊತ್ತಾಯ್ತು. ನಾನು ಬೈಯೋಕೆ ಬಾಯಿ ತೆಗೆಯೋದ್ರೊಳಗೆ ಅವ್ರೇ ತಲೆ ಬಗ್ಗಿಸ್ಕೊಂಡು 'ಜಾಸ್ತಿ ಬರ್ದ್ರೆ ನೀವು ಬೈತೀರಲ್ಲ ಡಾಕ್ಟ್ರೇ' ಅಂದ್ರು. ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರ್ಲಿಲ್ಲ. ಆ ಬುಕ್ ಅವ್ರದ್ದು, ಕಾಯಿಲೆ ಅವ್ರದ್ದು, ಆದ್ರೆ ಬರೀತಿದ್ದಿದ್ದು ನನಗೋಸ್ಕರ, ಪರೀಕ್ಷೆ ಪೇಪರ್ ಥರ.

ಲೆಕ್ಕ ಹಾಕಿ ನೋಡಿ, ವರ್ಷಕ್ಕೆ 8,760 ಗಂಟೆ. ಅದರಲ್ಲಿ ಅವ್ರು ನನ್ನ ಮುಂದೆ ಕೂರೋದು ಎಲ್ಲಾ ಸೇರ್ಸಿದ್ರೂ ಒಂದು ಗಂಟೆ ಇರಲ್ಲ. ಉಳಿದ ಅಷ್ಟೂ ಹೊತ್ತು ಡಾಕ್ಟ್ರು ಅವ್ರೇ ತಾನೆ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು, ದೀರ್ಘಕಾಲದ ಕಾಯಿಲೆಗಳಲ್ಲಿ ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೋತಾರೆ ಅಂತ. ಇದನ್ನ ಓದಿದ್ದೆ, ಆದ್ರೆ ನನ್ನ ಪೇಷೆಂಟ್ಸ್ ಬಗ್ಗೆನೂ ಅದೇ ಮಾತು ಅಂತ ತಲೆಗೆ ಹೋಗಿರ್ಲಿಲ್ಲ.

ಆ ಬುಕ್ ತಂದವ್ರ ಜೊತೆ ಶುರು ಮಾಡಿದ್ದು ಹೀಗೆ. ಮೂರು ತಿಂಗಳು ದಿನಾ ಚುಚ್ಕೊಳ್ಳೋದು ಬೇಡ, ಒಂದೇ ವಾರ ಸಾಕು, ಆದ್ರೆ ಊಟಕ್ಕೆ ಮುಂಚೆ ಒಂದು, ಊಟ ಶುರು ಮಾಡಿ 2 ಗಂಟೆಗೆ ಒಂದು, ಪಕ್ಕದಲ್ಲಿ ಏನ್ ತಿಂದ್ರಿ, ಎಷ್ಟ್ ಓಡಾಡಿದ್ರಿ ಅಂತ ಎರಡು ಪದ. ನಂಬರ್ ಎಷ್ಟೇ ಬರ್ಲಿ ನಾನೇನೂ ಅನ್ನಲ್ಲ ಅಂತ ಮಾತು ಕೊಟ್ಟೆ. ಮುಂದಿನ ಸಲ ಬುಕ್ಕನ್ನ ನಾನು ಮುಟ್ಲಿಲ್ಲ, 'ನೀವೇ ಓದಿ ಹೇಳಿ, ಏನ್ ಕಾಣ್ತು' ಅಂದೆ. ನೈಟ್ ಶಿಫ್ಟ್ ಇದ್ದ ದಿನ ಎಲ್ಲಾ ಏರುಪೇರು, ಹೊತ್ತಲ್ಲದ ಹೊತ್ತಲ್ಲಿ ಊಟ, ಮಾತ್ರೆ ಮರೆತು ಹೋಗೋದು, ಇದನ್ನೆಲ್ಲಾ ಅವ್ರೇ ಬೆರಳಿಟ್ಟು ತೋರ್ಸಿದ್ರು. ಅವ್ರಿಗೆ ನೈಟ್ ಶಿಫ್ಟ್ ಇದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ, ಕೇಳಿದ್ರೆ ತಾನೆ ಗೊತ್ತಾಗೋದು.

ಇನ್ನೊಬ್ರು ಅರವತ್ತು ದಾಟಿದ ಹೆಂಗಸು, ಇನ್ಸುಲಿನ್ ಮೇಲಿದ್ರು. ಡೋಸ್ ಏರ್ಸಿದ್ದೂ ಏರ್ಸಿದ್ದೇ, ಶುಗರ್ ಒಂದಿನ 300, ಒಂದಿನ 65. ಅವತ್ತು ಮೊದಲ್ನೇ ಸಲ 'ಅಮ್ಮಾ, ಮನೇಲಿ ಹೇಗೆ ತಗೋತೀರೋ ಹಾಗೇ ಒಂದ್ಸಲ ನನಗೆ ತೋರ್ಸಿ' ಅಂದೆ. ಅವ್ರ ಕೈ ಸೀದಾ ಹೊಕ್ಕುಳ ಪಕ್ಕ ಒಂದೇ ಜಾಗಕ್ಕೆ ಹೋಯ್ತು. ಮುಟ್ಟಿ ನೋಡಿದ್ರೆ ನಿಂಬೆಹಣ್ಣಿನಷ್ಟು ದಪ್ಪ ಗಂಟು, ಮೆತ್ತಗೆ ರಬ್ಬರ್ ಥರ. 'ಇಲ್ಲಿ ಚುಚ್ಚಿದ್ರೆ ನೋವೇ ಆಗಲ್ಲ' ಅಂತ ಹೇಳಿದ್ರು. ಒಂದೇ ಜಾಗಕ್ಕೆ ಚುಚ್ತಾ ಇದ್ರೆ ಚರ್ಮದ ಕೆಳಗೆ ಕೊಬ್ಬು ಹೀಗೆ ಗಂಟು ಕಟ್ಟುತ್ತೆ, ಅಲ್ಲಿಂದ ಇನ್ಸುಲಿನ್ ಒಂದಿನ ಇಳಿಯುತ್ತೆ ಒಂದಿನ ಇಳಿಯಲ್ಲ. ಅವ್ರ ಬೆರಳನ್ನೇ ಹಿಡಿದು ಗಂಟಿನ ಅಂಚು ಎಲ್ಲಿ ಮುಗಿಯುತ್ತೆ ಅಂತ ಮುಟ್ಟಿಸ್ದೆ, ಆಮೇಲೆ ಒಳ್ಳೆ ಜಾಗ ಯಾವ್ದು ಅಂತ ಅವ್ರೇ ಹುಡುಕಿದ್ರು. ಹೊಟ್ಟೆನ ನಾಲ್ಕು ಭಾಗ ಮಾಡ್ಕೊಂಡು ವಾರಕ್ಕೊಂದು ಭಾಗ, ದಿನಾ ಒಂದು ಬೆರಳಗಲ ಜರುಗಿಸಿ ಚುಚ್ಚೋದು ಅಂತ ಪ್ಲ್ಯಾನ್ ಆಯ್ತು. ಒಂದು ಹುಷಾರಿನ ಮಾತು: ಗಂಟು ಬಿಟ್ಟು ಹೊಸ ಜಾಗಕ್ಕೆ ಹೋದಾಗ ಅದೇ ಡೋಸ್ ಚೆನ್ನಾಗಿ ಕೆಲಸ ಮಾಡಿಬಿಡುತ್ತೆ, ಲೋ ಶುಗರ್ ಆಗ್ಬಹುದು, ಡಾಕ್ಟ್ರನ್ನ ಕೇಳಿ ಡೋಸ್ ಕಮ್ಮಿ ಮಾಡ್ಕೊಂಡೇ ಬದಲಾಯಿಸ್ಬೇಕು.

ಲೋ ಆದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ಟೆ. 70ಕ್ಕಿಂತ ಕೆಳಗೆ ಬಂದ್ರೆ 15 ಗ್ರಾಂ ಸಕ್ಕರೆ ಅಂದ್ರೆ ಸುಮಾರು ಮೂರು ಟೀ ಚಮಚ, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್. ಮುಂಚೆ ಆಗಿದ್ರೆ 'ಅರ್ಥ ಆಯ್ತಾ' ಅಂತ ಕೇಳ್ತಿದ್ದೆ, ಎಲ್ರೂ 'ಹೂಂ' ಅಂತಾರೆ, ನಾನೂ ಎದ್ದು ಕಳ್ಸ್ತಿದ್ದೆ. ಈಗ 'ನಾನು ಸರಿಯಾಗಿ ಹೇಳ್ದೆನೋ ಇಲ್ವೋ ನೋಡ್ಬೇಕು, ಮನೆಗ್ ಹೋಗಿ ಮಗಳಿಗೆ ಹೇಗೆ ಹೇಳ್ತೀರಿ ಹೇಳಿ' ಅಂತೀನಿ. ಆ ಅಮ್ಮ 15 ನಿಮಿಷ ಬಿಟ್ಟು ಸಕ್ಕರೆ ತಿನ್ಬೇಕು ಅಂತ ತಿಳ್ಕೊಂಡಿದ್ರು! ಅಲ್ಲೇ ಸರಿ ಮಾಡಿದ್ವಿ. ಅವ್ರನ್ನ ಹಾಗೇ ಕಳ್ಸಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗ್ಲೂ ಭಯ ಆಗುತ್ತೆ.

ಬಿಪಿ ವಿಷಯ ಇಷ್ಟು ಕಷ್ಟ ಇಲ್ಲ. ಮನೇಲಿ 5 ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆ ಮಟ್ಟಕ್ಕೆ, ಬೆಳಗ್ಗೆ ಎರಡು ಸಂಜೆ ಎರಡು ರೀಡಿಂಗ್, ಒಂದು ವಾರ. ಕ್ಲಿನಿಕ್ಕಲ್ಲಿ 140/90 ಗಡಿ ಅಂದ್ರೆ ಮನೇಲಿ 135/85. ನನ್ನ ಮುಂದೆ ಮಾತ್ರ ಬಿಪಿ ಏರೋರು ಎಷ್ಟೋ ಜನ, ಅವ್ರಿಗೆ ಸುಮ್ಸುಮ್ನೆ ಎರಡ್ನೇ ಮಾತ್ರೆ ಬರ್ದಿದ್ದು ನಾನೇ.

ಹಾರ್ಟ್ ಫೇಲ್ಯೂರ್, ಅಂದ್ರೆ ಹೃದಯ ರಕ್ತನ ಸರಿಯಾಗಿ ಪಂಪ್ ಮಾಡದ ಕಾಯಿಲೆ ಇರೋರಿಗೆ ತೂಕದ ಮಿಷಿನ್ನೇ ದೊಡ್ಡ ಉಪಕಾರಿ. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ದಿನಾ. ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಅದು ಮೈಯಲ್ಲಿ ನೀರು ತುಂಬ್ತಿರೋದು, ಉಸಿರು ಕಟ್ಟೋ ತನಕ ಕಾಯ್ಬೇಡಿ, ಆವತ್ತೇ ಫೋನ್ ಮಾಡಿ ಅಂತ ಹೇಳಿರ್ತೀನಿ. ಆ ಫೋನ್ ತೆಗೆಯೋರು ಒಬ್ರು ಇರ್ಲೇಬೇಕು, ಪೇಷೆಂಟ್ ಫೋನ್ ಮಾಡಿ ಯಾರೂ ಎತ್ಲಿಲ್ಲ ಅಂದ್ರೆ ಮತ್ತೆ ಅವ್ರು ತೂಕ ನೋಡೋದೇ ಬಿಡ್ತಾರೆ, ತಪ್ಪು ಅವ್ರದ್ದಲ್ಲ.

ಎಲ್ರಿಗೂ ಇದು ಇಷ್ಟ ಆಗುತ್ತೆ ಅಂತ ಅಲ್ಲ. 'ನೀವು ಓದಿರೋರು, ನೀವೇ ಹೇಳ್ಬಿಡಿ' ಅನ್ನೋರಿದ್ದಾರೆ. ಮನೆ ಕಷ್ಟ, ದುಡ್ಡಿನ ಕಷ್ಟ, ಕಣ್ಣು ಮಂಜು, ಅವ್ರ ಮೇಲೆ ಇನ್ನೊಂದು ಜವಾಬ್ದಾರಿ ಹೇರೋಕೆ ನನಗೂ ಮನಸ್ಸು ಬರಲ್ಲ. ಆಯ್ತು, ಈ ಸಲ ನಾನೇ ಹೇಳ್ತೀನಿ ಅಂತ ಹೇಳಿ ಬರ್ದು ಕೊಡ್ತೀನಿ, ಮುಂದಿನ ಸಲ ಮತ್ತೆ ಕೇಳ್ತೀನಿ. ಅಂಥವ್ರೊಬ್ರು ಎರಡು ವರ್ಷ 'ನೀವೇ ಹೇಳಿ' ಅಂದವ್ರು, ಹೋದ ತಿಂಗಳು ಎದ್ದು ಬಾಗಿಲ ತನಕ ಹೋಗಿ ವಾಪಸ್ ಬಂದು, 'ಈ ರಾತ್ರಿ ಮಾತ್ರೆ ಬೆಳಗ್ಗೆ ತಗೊಂಡ್ರೆ ಆಗುತ್ತಾ, ರಾತ್ರಿ ನಾಲ್ಕೈದು ಸಲ ಎದ್ದೇಳ್ತೀನಿ' ಅಂತ ಕೇಳಿದ್ರು. ಅದು ಮೂತ್ರ ಜಾಸ್ತಿ ಮಾಡೋ ಮಾತ್ರೆ. ಕೂರ್ಸಿ ಚೀಟಿ ವಾಪಸ್ ಈಸ್ಕೊಂಡು ಬದಲಾಯಿಸಿ ಬರ್ದೆ.