ಮೇಲ್ ಅಸಲಿಯೋ ನಕಲಿಯೋ? ಲಕೋಟೆ ನೋಡಿ ಕಂಡುಕೊಂಡೆ

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ನಾಲ್ಕೈದು ಸಣ್ಣ ಕಂಪನಿಗಳ ಕಂಪ್ಯೂಟರ್, ಮೇಲ್, ಪ್ರಿಂಟರ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಒಂದು ಶುಕ್ರವಾರ ಮಧ್ಯಾಹ್ನ ಅಲ್ಲಿನ ಒಂದು ವರ್ಕ್‌ಶಾಪಿನ ಅಕೌಂಟ್ಸ್ ಮೇಡಂ ಫೋನ್ ಮಾಡಿದರು.

"ಸರ್, ಪುಣೆ ಪಾರ್ಟಿ ಬ್ಯಾಂಕ್ ಅಕೌಂಟ್ ಬದಲಾಗೇತಿ ಅಂತ ಮೇಲ್ ಹಾಕ್ಯಾರ್ರಿ. ಇವತ್ತ 4.80 ಲಕ್ಷ ಕಳಸಬೇಕು. ಯಾಕೋ ಮನಸ್ಸು ಒಪ್ಪವಲ್ದು. ನಿಮಗ ಫಾರ್ವರ್ಡ್ ಮಾಡೀನಿ, ಸ್ವಲ್ಪ ನೋಡ್ರಿ."

"ರೊಕ್ಕ ಹಾಕಬ್ಯಾಡ್ರಿ ಮೇಡಂ, ನಾ ಅಲ್ಲಿಗೇ ಬರ್ತೀನಿ" ಅಂದೆ.

ಹೋಗಲೇಬೇಕಿತ್ತು. ಅವರು ಫಾರ್ವರ್ಡ್ ಮಾಡಿದ್ದರಲ್ಲಿ ನನಗೆ ಬೇಕಾದದ್ದು ಏನೂ ಇರಲಿಲ್ಲ. ಅದರ ಹೆಡರ್ (ಮೇಲ್ ಎಲ್ಲಿಂದ, ಯಾವ ದಾರಿಯಲ್ಲಿ ಬಂತು ಅಂತ ಬರೆದಿರುವ, ಮಾಮೂಲಿಯಾಗಿ ಕಣ್ಣಿಗೆ ಬೀಳದ ಭಾಗ) ತೆಗೆದು ನೋಡಿದರೆ ಮೇಡಂ ಅವರ ವಿಳಾಸ, ಅವರ ಕಂಪನಿಯ ಸರ್ವರ್, ಅವರು ಕಳಿಸಿದ ಹೊತ್ತು, ಅಷ್ಟೇ. ಜನ ತುಂಬಾ ಸಲ ಎಡವುವುದು ಇಲ್ಲೇ. ನಿಮಗೊಂದು ಅನಾಮಧೇಯ ಪತ್ರ ಬಂತು ಅಂತಿಟ್ಟುಕೊಳ್ಳಿ. ಅದರಲ್ಲಿ ಬರೆದದ್ದನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿ, ಹೊಸ ಲಕೋಟೆಗೆ ಹಾಕಿ ಪೊಲೀಸರಿಗೆ ಕಳಿಸಿದರೆ ಅವರಿಗೆ ಸಿಗುವುದು ನಿಮ್ಮೂರಿನ ಅಂಚೆ ಮುದ್ರೆ. ಕಳ್ಳನ ಊರಿನ ಮುದ್ರೆ ಇದ್ದದ್ದು ಹಳೇ ಲಕೋಟೆಯ ಮೇಲೆ. ಮಾಮೂಲಿ ಫಾರ್ವರ್ಡ್ ಮಾಡುವ ಕೆಲಸವೂ ಇದೇ. ಸ್ಕ್ರೀನ್‌ಶಾಟ್ ಇನ್ನೂ ಬಡವ, ಅದರಲ್ಲಿ ಲಕೋಟೆಯೇ ಇರುವುದಿಲ್ಲ.

ಅಲ್ಲಿ ಹೋಗಿ ಮೇಡಂ ಅವರ ಕಂಪ್ಯೂಟರಿನಲ್ಲೇ ಕೂತೆ. ಅವರದು ಗೂಗಲ್‌ನ ಆಫೀಸ್ ಮೇಲ್. ಮೇಲ್ ತೆರೆದು, ರಿಪ್ಲೈ ಬಾಣದ ಪಕ್ಕದ ಮೂರು ಚುಕ್ಕಿ ಒತ್ತಿದರೆ 'ಶೋ ಒರಿಜಿನಲ್' ಅಂತ ಬರುತ್ತದೆ. ಮೊಬೈಲ್ ಆ್ಯಪಿನಲ್ಲಿ ಇದು ಸಿಗುವುದಿಲ್ಲ, ಕಂಪ್ಯೂಟರ್ ಬ್ರೌಸರಿನಲ್ಲೇ ನೋಡಬೇಕು. ಹಳೇ (ಕ್ಲಾಸಿಕ್) ಔಟ್‌ಲುಕ್ ಡೆಸ್ಕ್‌ಟಾಪಿನಲ್ಲಾದರೆ ಮೇಲ್ ಅನ್ನು ಬೇರೆ ಕಿಟಕಿಯಲ್ಲಿ ತೆರೆದು ಫೈಲ್, ಆಮೇಲೆ ಪ್ರಾಪರ್ಟೀಸ್. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಜೊತೆ ಯು ಒತ್ತಿದರೆ ಮುಗಿಯಿತು.

ತೆರೆದ ಕೂಡಲೇ ಮೇಲ್ಗಡೆ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಎಸ್‌ಪಿಎಫ್ ಪಾಸ್, ಡಿಕೆಐಎಂ ಪಾಸ್, ಡಿಮಾರ್ಕ್ ಪಾಸ್. ಮೂರೂ ಪಾಸ್! ಪಕ್ಕದಲ್ಲಿ ನಿಂತಿದ್ದ ಮೇಡಂ ಅವರ ಮುಖ ಹಗುರಾಯಿತು. "ಹಂಗಾದ್ರ ಖರೇನ ಐತೇನ್ರಿ ಸರ್?"

ಇಲ್ಲ. ಇದನ್ನು ನಾನು ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಅದರಲ್ಲಿ 'ಫ್ರಮ್' ಸಾಲಿಗೆ ಯಾರು ಯಾರ ಹೆಸರು ಬೇಕಾದರೂ ಹಾಕಬಹುದಿತ್ತು, ಕೇಳುವವರಿರಲಿಲ್ಲ. ಆ ತೂತು ಮುಚ್ಚಲು ಆಮೇಲೆ ಈ ಮೂರು ಬಂದವು. ಎಸ್‌ಪಿಎಫ್ ಅಂದರೆ ಈ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲಿನ ಹೆಸರು) ಪರವಾಗಿ ಮೇಲ್ ಕಳಿಸಲು ಈ ಸರ್ವರ್‌ಗೆ ಅಪ್ಪಣೆ ಇದೆಯಾ ಅನ್ನುವ ಪರೀಕ್ಷೆ. ಡಿಕೆಐಎಂ ಅಂದರೆ ಡೊಮೇನಿನವರು ಹಾಕಿದ ಸಹಿ ಒಡೆಯದೆ ಬಂದಿದೆಯಾ ಅಂತ. ಈ ಎರಡರಲ್ಲಿ ಒಂದಾದರೂ ಪಾಸಾಗಿ, ಆ ಡೊಮೇನು ನಮ್ಮ ಕಣ್ಣಿಗೆ ಕಾಣುವ ಫ್ರಮ್ ವಿಳಾಸಕ್ಕೆ ಹೊಂದುತ್ತದಾ ಅಂತ ಡಿಮಾರ್ಕ್ ನೋಡುತ್ತದೆ. ಮೂರೂ ಪಾಸ್ ಅಂದರೆ ಈ ಮೇಲ್ ಆ ಡೊಮೇನಿನಿಂದಲೇ ಬಂದಿದೆ ಅಂತ ಮಾತ್ರ. ಆ ಡೊಮೇನ್ ಕಳ್ಳನದೇ ಆಗಿದ್ದರೆ?

ಅಲ್ಲಿ ಆಗಿದ್ದೂ ಅದೇ. ಪುಣೆ ಕಂಪನಿಯ ಹೆಸರಿನಲ್ಲಿ ಇಂಗ್ಲಿಷಿನ ಎಂ ಅಕ್ಷರ ಇದೆ. ಬಂದ ಮೇಲ್‌ನಲ್ಲಿ ಎಂ ಜಾಗದಲ್ಲಿ ಆರ್ ಮತ್ತು ಎನ್ ಪಕ್ಕಪಕ್ಕ ಕೂತಿದ್ದವು. ಸಣ್ಣ ಅಕ್ಷರದಲ್ಲಿ ಎರಡೂ ಅಂಟಿಕೊಂಡು ಎಂ ಥರವೇ ಕಾಣುತ್ತವೆ. ಹೆಡರ್ ಪುಟದಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವುದರಿಂದ ಅಲ್ಲಿ ಬೇರೆ ಬೇರೆಯಾಗಿ ಕಂಡವು. ಮೇಡಂ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

ಆ ಡೊಮೇನ್ ಯಾವಾಗ ಹುಟ್ಟಿದ್ದು ಅಂತ ಡೊಮೇನ್ ನೋಂದಣಿಯ ವಿವರ ತೋರಿಸುವ ಹೂಇಸ್‌ನಲ್ಲಿ ಹುಡುಕಿದೆ. 11 ದಿನದ ಕೂಸು. ಪುಣೆಯವರ ಜೊತೆ ಇವರ ವ್ಯವಹಾರ ಎಷ್ಟೋ ವರ್ಷದ್ದು. ಅಷ್ಟು ಹಳೆಯ ಪಾರ್ಟಿಗೆ 11 ದಿನದ ವಿಳಾಸ ಇರುತ್ತದಾ?

ಮುಂದೆ 'ರಿಸೀವ್ಡ್' ಸಾಲುಗಳು. ಮೇಲ್ ಮುಟ್ಟಿದ ಪ್ರತಿ ಸರ್ವರ್ ತನ್ನದೊಂದು ಸಾಲನ್ನು ಮೇಲ್ಗಡೆ ಅಂಟಿಸುತ್ತಾ ಹೋಗುತ್ತದೆ. ಹಾಗಾಗಿ ಪ್ರಯಾಣ ಶುರುವಾದದ್ದು ಕೆಳಗಿನ ಸಾಲಿನಲ್ಲಿ, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಆದರೆ ನಂಬಬೇಕಾದದ್ದು ಮೇಲಿನಿಂದ ಕೆಳಕ್ಕೆ. ನಮ್ಮ ಕಡೆಯ ಸರ್ವರ್ ಬರೆದ ಸಾಲನ್ನು ಕಳ್ಳ ಮುಟ್ಟಲಾರ. ಅದಕ್ಕಿಂತ ಕೆಳಗಿನವನ್ನು ಅವನೇ ಸುಮ್ನೆ ಬರೆದು ತುಂಬಿಸಿರಬಹುದು. ನಾನು ಮೊದಲು ಹುಡುಕುವುದು 'ಬೈ ಎಂಎಕ್ಸ್ ಡಾಟ್ ಗೂಗಲ್ ಡಾಟ್ ಕಾಮ್' ಇರುವ ಸಾಲು. ಗೂಗಲ್‌ಗೆ ಈ ಮೇಲ್ ಕೊಟ್ಟವರ ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ಆ ಕಂಪ್ಯೂಟರಿನ ನಂಬರು, ಅದರಲ್ಲೇ ಚೌಕ ಆವರಣದೊಳಗೆ ಇರುತ್ತದೆ. ಇಲ್ಲಿ ಅದು ಒಂದು ಮೇಲ್ ಹೋಸ್ಟಿಂಗ್ ಕಂಪನಿಯದಾಗಿತ್ತು. ತೀರಾ ಕೆಳಗಿನ ಸಾಲಿನಲ್ಲಿ 192.168 ಅಂತ ಶುರುವಾಗುವ ಐಪಿ. ಅದು ಮನೆ, ಆಫೀಸಿನ ಒಳಗಿನ ನಂಬರು. ನಿಮ್ಮ ಮನೆಯ ವೈಫೈನಲ್ಲೂ ಅದೇ ಇರಬಹುದು. 10 ಬರೆದು ಕೂಡಲೇ ಚುಕ್ಕಿ ಇರುವುದೂ ಹಾಗೇ. ಅದನ್ನು ಹಿಡಿದು ಯಾರನ್ನೂ ಹುಡುಕಲು ಆಗುವುದಿಲ್ಲ.

ಐಪಿ ಸಿಕ್ಕರೆ ಕಳ್ಳ ಸಿಕ್ಕ ಅಂತ ತುಂಬಾ ಜನ ನಂಬಿಕೊಂಡಿರುತ್ತಾರೆ. ಬ್ರೌಸರಿನಲ್ಲಿ ಜಿಮೇಲ್ ತೆರೆದು ಕಳಿಸಿದವನ ಸ್ವಂತ ಐಪಿ ಹೆಡರಿನಲ್ಲಿ ಇರುವುದೇ ಇಲ್ಲ, ಗೂಗಲ್‌ನ ಸರ್ವರ್ ಮಾತ್ರ ಕಾಣುತ್ತದೆ. ಆ ಹೊತ್ತಿಗೆ ಯಾರು ಲಾಗಿನ್ ಆಗಿದ್ದರು ಅನ್ನುವ ಲೆಕ್ಕ ಕಂಪನಿಯ ಹತ್ತಿರ ಇರುತ್ತದೆ. ಅದನ್ನು ಕೇಳಿ ಪಡೆಯುವ ಅಧಿಕಾರ ಪೊಲೀಸರಿಗಿದೆ, ನನಗಿಲ್ಲ.

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಬೇರೆ ಒಂದು ಸಾಲು. 'ಇನ್-ರಿಪ್ಲೈ-ಟು'. ಪ್ರತಿ ಮೇಲ್‌ಗೂ ಮೆಸೇಜ್-ಐಡಿ ಅಂತ ಒಂದು ಉದ್ದನೆಯ ಗುರುತು ಇರುತ್ತದೆ. ಉತ್ತರ ಬರೆದರೆ ಯಾವ ಮೇಲ್‌ಗೆ ಉತ್ತರವೋ ಅದರ ಐಡಿ ಈ ಸಾಲಿಗೆ ಬಂದು ಕೂರುತ್ತದೆ. ಆ ಐಡಿಯನ್ನು ಕಾಪಿ ಮಾಡಿ ಜಿಮೇಲ್ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿದೆ. ಹಾಗೇ ಹಾಕಿದರೆ ಆಗದು. ಮೊದಲು ಇಂಗ್ಲಿಷಿನಲ್ಲಿ ಆರ್‌ಎಫ್‌ಸಿ, 822, ಎಂಎಸ್‌ಜಿ, ಐಡಿ ಇಷ್ಟನ್ನೂ ಜಾಗ ಬಿಡದೆ ಬರೆದು, ಒಂದು ಕೋಲನ್ ಹಾಕಿ, ಆಮೇಲೆ ಐಡಿ ಅಂಟಿಸಬೇಕು. ಎಂಟರ್ ಒತ್ತಿದೆ. ಒಂದೇ ಒಂದು ಮೇಲ್ ಬಂತು. ಮೇಡಂ ತಾವೇ ಹಿಂದಿನ ಸೋಮವಾರ ಪುಣೆಗೆ ಕಳಿಸಿದ್ದು. "ಬಿಲ್ ಬಂತು, ಶುಕ್ರವಾರ ಪೇಮೆಂಟ್ ಮಾಡುತ್ತೇವೆ" ಅಂತ ಬರೆದದ್ದು.

ಅಂದರೆ ಕಳ್ಳ ಊಹೆ ಮಾಡಿ ಬರೆದಿರಲಿಲ್ಲ. ಮೇಡಂ ಬರೆದ ಮೇಲ್ ಅವನ ಕೈಯಲ್ಲಿತ್ತು. ಎರಡರಲ್ಲಿ ಒಂದು ಕಡೆಯ ಮೇಲ್‌ಬಾಕ್ಸ್ ತೆರೆದುಕೊಂಡಿದೆ, ಇವರದೋ ಅವರದೋ.

ಮೊದಲು ಇವರದನ್ನೇ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್, ಲಾಗಿನ್ ಆದ ಸಾಧನಗಳು. ಎಲ್ಲ ಚೊಕ್ಕವಾಗಿತ್ತು. ಆದರೂ ಪಾಸ್‌ವರ್ಡ್ ಬದಲಿಸಿ ಎರಡು ಹಂತದ ಪರಿಶೀಲನೆ ಹಾಕಿಸಿದೆ. ಆಮೇಲೆ ಹಳೇ ಬಿಲ್ಲಿನಲ್ಲಿದ್ದ ನಂಬರಿಗೆ ಪುಣೆಗೆ ಫೋನ್ ಮಾಡಿಸಿದೆ. ಬಂದ ಮೇಲ್‌ನಲ್ಲಿರುವ ನಂಬರಿಗೆ ಯಾವತ್ತೂ ಮಾಡಬೇಡಿ, ಆ ಕಡೆ ಎತ್ತುವವನು ಅವನೇ ಆಗಿರಬಹುದು. ಅಕೌಂಟ್ ಬದಲಾಗಿಯೇ ಇಲ್ಲ ಅಂದರು. ಅವರ ಮೇಲ್‌ಬಾಕ್ಸಿನ ರೂಲ್ಸ್ ನೋಡಿ ಅಂತ ಹೇಳಿದೆ. ಸಂಜೆ ತಿರುಗಿ ಫೋನ್ ಬಂತು. 'ಪೇಮೆಂಟ್' ಅನ್ನುವ ಪದ ಇರುವ ಎಲ್ಲ ಮೇಲ್ ಹೊರಗಿನ ಒಂದು ವಿಳಾಸಕ್ಕೆ ಹೋಗುವ ಹಾಗೆ ಯಾರೋ ರೂಲ್ ಹಾಕಿಟ್ಟಿದ್ದರು. ಹೆಡರ್ ನೋಡದೆ ಮೇಲ್ ಡಿಲೀಟ್ ಮಾಡಿ ಸುಮ್ಮನಾಗಿದ್ದರೆ ಆ ರೂಲ್ ಇನ್ನೂ ಅಲ್ಲೇ ಇರುತ್ತಿತ್ತು. ಅವರ ಉಳಿದ ಗಿರಾಕಿಗಳ ಗತಿ?

ದೂರು ಕಳಿಸುವಾಗ ಮೂಲ ಮೇಲ್ ಅನ್ನೇ ಅಟ್ಯಾಚ್‌ಮೆಂಟ್ ಮಾಡಿದೆ. ಜಿಮೇಲ್ ಪಟ್ಟಿಯಲ್ಲಿ ಆ ಮೇಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್' ಸಿಗುತ್ತದೆ. ಹಳೇ ಔಟ್‌ಲುಕ್ ಡೆಸ್ಕ್‌ಟಾಪಿನಲ್ಲಿ ಕಂಟ್ರೋಲ್, ಆಲ್ಟ್, ಎಫ್ ಒಟ್ಟಿಗೆ ಒತ್ತಬೇಕು. ಆಗ ಇಎಂಎಲ್ ಅಥವಾ ಎಂಎಸ್‌ಜಿ ಫೈಲಾಗಿ ಲಕೋಟೆ ಸಮೇತ ಹೋಗುತ್ತದೆ. 'ಶೋ ಒರಿಜಿನಲ್' ಪುಟದಿಂದ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಟ್ಟೆ. ಡೊಮೇನ್ ಮಾರಿದ ರಿಜಿಸ್ಟ್ರಾರ್‌ನ 'ಅಬ್ಯೂಸ್' (ದುರ್ಬಳಕೆ ದೂರಿನ) ವಿಳಾಸಕ್ಕೆ ಒಂದು, ಮೇಲ್ ಹೋಸ್ಟಿಂಗ್ ಕಂಪನಿಗೆ ಒಂದು, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ಒಂದು. ಆದಾಯ ತೆರಿಗೆ ಇಲಾಖೆ ಹೆಸರಿನ ನಕಲಿ ಮೇಲ್ ಬಂದಾಗಲೂ ಇದೇ ದಾರಿ. ಬಂದ ಹಾಗೇ ಕಳಿಸಿ ಇಲ್ಲವೇ ಹೆಡರ್ ಕೊಡಿ ಅಂತ ಇಲಾಖೆಯೇ ಹೇಳುತ್ತದೆ. ಹೆಡರಿನಲ್ಲಿ ನಿಮ್ಮ ವಿಳಾಸವೂ ಇರುತ್ತದೆ, ಹಾಗಾಗಿ ವಾಟ್ಸ್ಆ್ಯಪ್ ಗುಂಪಿಗೆಲ್ಲ ಹಾಕಬೇಡಿ.

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಹೆಡರ್ ಆಮೇಲೆ. ಅಲ್ಲಿ ನಿಮಿಷ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನಮ್ಮದು ಹೋಗಿರಲಿಲ್ಲ, ಹಾಗಾಗಿ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಬರೆದೆವು. ಪುಣೆಯವರು ತಮ್ಮ ಕಡೆಯ ಪೊಲೀಸರಿಗೂ ಕೊಟ್ಟರು.

ಸೋಮವಾರ ಬೆಳಗ್ಗೆ ರಿಜಿಸ್ಟ್ರಾರ್‌ನಿಂದ ಉತ್ತರ ಬಂತು, ಡೊಮೇನ್ ನಿಲ್ಲಿಸಿದ್ದೇವೆ ಅಂತ. ಅವತ್ತೇ ಮಧ್ಯಾಹ್ನ ಮೇಡಂ ಪುಣೆಗೆ ಇನ್ನೊಮ್ಮೆ ಫೋನ್ ಹಚ್ಚಿ, ಹಳೇ ಅಕೌಂಟ್ ನಂಬರನ್ನು ಒಂದೊಂದೇ ಅಂಕಿ ಓದಿ ಹೇಳಿ ಖಾತ್ರಿ ಮಾಡಿಕೊಂಡು 4.80 ಲಕ್ಷ ಕಳಿಸಿದರು.