ಆಟಿಯ ಮಳೆಯಲ್ಲಿ 308 ಜಿಎಸ್‌ಎಂ: ನನ್ನ ಅನುಭವ

"ಈ ಮೆಷಿನಿಗೆ ಅಷ್ಟು ದಪ್ಪದ ಪೇಪರ್ ಆಗುವುದಿಲ್ಲ, ಸುಮ್ಮನೆ ಹೆಡ್ ಹಾಳು ಮಾಡಿಕೊಳ್ಳಬೇಡಿ" ಎಂದು ನನ್ನ ಫೋಟೋ ಪ್ರಿಂಟರಿನ ಸರ್ವಿಸಿನವರು ಹೇಳಿ ಎರಡು ವರ್ಷ ಆಯಿತು. ಉಡುಪಿಯ ಫೋಟೋಗ್ರಾಫರ್ ಗೆಳೆಯರದ್ದೂ ಅದೇ ರಾಗ. ಈ ಸಲ ತುಳುನಾಡಿನ ಆಟಿ ತಿಂಗಳ ಜಡಿಮಳೆಯಲ್ಲೇ ಅದೇ ಮೆಷಿನಿನಿಂದ ಎ3 ಪ್ಲಸ್ (13x19 ಇಂಚು) ಸೈಜಿನಲ್ಲಿ 11 ಪ್ರಿಂಟ್ ತೆಗೆದೆ. ಹಾಳಾದದ್ದು ಒಂದೇ.

ನನ್ನದು ಹಿಂದಿನ ಟ್ರೇಯ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್. ಪೇಪರ್ 308 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 308 ಗ್ರಾಂ ತೂಕದ), ಹತ್ತಿಯಿಂದ ಮಾಡಿದ ಹಾನೆಮ್ಯೂಲೆ ಫೋಟೋ ರ‍್ಯಾಗ್, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಹಾಳೆಗೆ ಹತ್ತಿರ ಹತ್ತಿರ 400 ರೂಪಾಯಿ ಬಿದ್ದಿತ್ತು. ಮೊದಲ ಮಳೆಗಾಲದಲ್ಲಿ 14 ಹಾಳೆ, ಅಂದರೆ ಐದೂವರೆ ಸಾವಿರ, ನೀರಿಗೆ ಹೋಯಿತು. ರೋಲರ್ ನಿಂತಲ್ಲೇ ತಿರುಗಿ, ಇಂಕ್ ಹಿಡಿಯುವ ಕೋಟಿಂಗ್ ಉಜ್ಜಿಹೋದವು ಕೆಲವು, ಓರೆಯಾಗಿ ಒಳಹೋದವು ಕೆಲವು. ಉಳಿದವುಗಳ ಅಂಚು ಎದ್ದು, ಇಂಕ್ ಚಿಮ್ಮುವ ಹೆಡ್‌ಗೆ ತಾಗಿ ಕಪ್ಪು ಗೀರು. ಹೊಟ್ಟೆ ಉರಿಸಿದ್ದು ಇದೇ: ಯಕ್ಷಗಾನದ ಕೇದಗೆ ಮುಂದಲೆಯ ವೇಷ ಚಂದವಾಗಿ ಇಳಿದು ಬಂದು, ಕೊನೆಯ ಎರಡು ಇಂಚಿನಲ್ಲಿ ಗೀರು ಬಿತ್ತು. ಹಿಂದಿನಿಂದ ಆಸರೆಗೆ ರಟ್ಟು ಕೊಟ್ಟು ನೋಡಿದೆ. ಮೆಷಿನ್ ಎರಡನ್ನೂ ಒಟ್ಟಿಗೆ ಎಳೆದುಕೊಂಡಿತು.

ತಪ್ಪು ಮೆಷಿನಿನದ್ದಲ್ಲ, ನಮ್ಮ ಕರಾವಳಿಯ ಗಾಳಿಯದ್ದು. ಹತ್ತಿಯ ಕಾಗದ ತೇವ ಕುಡಿದು ಉಬ್ಬುತ್ತದೆ. ಹಾಗೆಂದು ಲೆನ್ಸ್ ಇಡುವ, ಬಲ್ಬ್ ಉರಿಯುವ ಕಪಾಟಿನಲ್ಲಿ ಮೂರು ದಿನ ಇಟ್ಟೆ. ಅತಿಯಾಗಿ ಒಣಗಿ ಕೋಟಿಂಗಿನ ಬದಿಗೆ ಬಾಗಿತು, ಮತ್ತೆ ಎರಡು ಹಾಳೆ ದಂಡ. ಈಗ ತೇವ ಅಳೆಯುವ 300 ರೂಪಾಯಿಯ ಮೀಟರ್ ಒಳಗಿಟ್ಟು ಶೇಕಡಾ 50ರ ಆಸುಪಾಸು ನಿಲ್ಲಿಸುತ್ತೇನೆ. ಬೇಕಾದಾಗ ಒಂದೊಂದೇ ಹಾಳೆ ತೆಗೆಯುವುದು.

ಇನ್ನು ಮೆಷಿನಿನೊಳಗೆ ಮೊದಲು ಹೋಗುವ ಅಂಚು. ಹಿಂಬದಿಯನ್ನು ನಯವಾದ ಪಾಲಿಶ್ ಪೇಪರಿನಿಂದ ಇಳಿಜಾರಾಗಿ ಉಜ್ಜಿ, ಸ್ಟೀಲ್ ಚಮಚದ ಬೆನ್ನಿನಿಂದ ಒತ್ತುತ್ತೇನೆ. ಹುಡಿಯನ್ನು ಮೆದು ಬ್ರಶ್‌ನಿಂದ ಪೂರ್ತಿ ತೆಗೆಯಲೇಬೇಕು, ಇಲ್ಲದಿದ್ದರೆ ಹೆಡ್‌ನ ನಾಝಲ್ (ಇಂಕ್ ಬರುವ ಸಣ್ಣ ತೂತು) ಕಟ್ಟುತ್ತದೆ. ಎಷ್ಟು ಅಗಲ ಉಜ್ಜುವುದು, ಬಾಗಿದ ಹಾಳೆಯನ್ನು ಯಾವುದಕ್ಕೆ ಸುತ್ತಿ ನೇರ ಮಾಡುವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಕಲಿಯಲು ನನಗೆ ಎರಡು ಮಳೆಗಾಲ ಬೇಕಾಯಿತು.

ರೋಲರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಕಂಪ್ಯೂಟರಿನ ಪ್ರಿಂಟರ್ ಡ್ರೈವರಿನಲ್ಲಿ ದಪ್ಪ ಕಾಗದದ ಆಯ್ಕೆ ಹಾಕಿ, ಹೆಡ್ ಸ್ವಲ್ಪ ಮೇಲೇಳುವಂತೆ ಮಾಡುತ್ತೇನೆ. ಸುತ್ತ 3 ಸೆಂಟಿಮೀಟರ್ ಬಿಳಿ ಅಂಚು. ರೋಲರ್ ತಿರುಗತೊಡಗಿದ ಕೂಡಲೇ ಎರಡೂ ಕೈಯ ಬೆರಳಿನಿಂದ ಹಾಳೆಯನ್ನು ಸಮನಾಗಿ ಒಂಚೂರು ಮುಂದೆ ದೂಡಬೇಕು. ರೋಲರ್ ಹಾಳೆಯನ್ನು ಹಿಡಿದ ಸದ್ದು ಕೇಳಿದೊಡನೆ ಕೈ ಬಿಡಿ. ಆ ಅಂದಾಜು ಕೈಗೇ ಬರಬೇಕು.

ನಡುವೆ ಕೋಟಿಂಗ್ ಇಲ್ಲದ ಕೈಕಾಗದದಲ್ಲೂ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ಪ್ರಿಂಟ್ ಮಾಡಿದೆ. ಇಂಕ್ ಹರಡಿತು, ಕಪ್ಪು ಬೂದುಬಣ್ಣವಾಯಿತು. ಆದರೂ ಮಂಜಿನ ಒಂದು ಚಿತ್ರಕ್ಕೆ ಅದೇ ಒಪ್ಪಿತು, ಗೋಡೆಯಲ್ಲಿ ಉಂಟು. ನನ್ನದು ಬಿಸಿಲಿಗೆ ಬೇಗ ಮಾಸುವ ಡೈ ಇಂಕ್ ಆದ ಕಾರಣ ಗಾಜಿನೊಳಗೆ, ಬಿಸಿಲು ಬೀಳದ ಕಡೆ ಇಡಿ ಎಂದು ಗಿರಾಕಿಗಳಿಗೆ ಮೊದಲೇ ಹೇಳುತ್ತೇನೆ.

350 ಜಿಎಸ್‌ಎಂ ಹಾಳೆ ಎರಡು ತರಿಸಿದ್ದೆ. ಒಂದರ ಮೂಲೆ ಮೆಷಿನಿನಲ್ಲಿ ಸಿಕ್ಕಿಕೊಂಡಿತು, ಇನ್ನೊಂದು ಕಪಾಟಿನಲ್ಲಿದೆ.